ಮಣಿಕಟ್ಟಿನ ನಾಡಿ
(ನೋಯ್ಡಾದ ಕನ್ನಡ ಬಂಧುಗಳ ಮುಂದೆ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ವೈದ್ಯದ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಕಾರಣವುಂಟು. ನಮ್ಮಲ್ಲಿ ಅನೇಕರ ತಂದೆತಾಯಿಗಳು ಊರಿನ ಮನೆಗೆ ಬೀಗ ಹಾಕಿ, ನೋಯ್ಡಾದ ಸೆಕ್ಟರುಗಳಲ್ಲಿ ಮಕ್ಕಳೊಡನೆ ನೆಲೆಸಿದ್ದಾರೆ. ಅವರಲ್ಲಿ ಹಲವರಿಗೆ ಹಿಂದಿ ಬಾರದು. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದಾಗ ಅವರ ಕೈಯನ್ನು ನೋಡುವ ಅರ್ಧ ನಿಮಿಷದ ಪರೀಕ್ಷೆಯೊಂದಿದೆ. ಅದು ಸರಿಯಾಗಿ ನಡೆಯಬೇಕಾದರೆ ವೈದ್ಯರ ಮಾತು ರೋಗಿಗೆ ತಿಳಿಯಲೇಬೇಕು.

ಅಂಗೈಗೆ ರಕ್ತ ಬರುವುದು ಮುಖ್ಯವಾಗಿ ಎರಡು ಧಮನಿಗಳಿಂದ. ಹೆಬ್ಬೆರಳ ಕಡೆಯದು ಒಂದು. ನಾಡಿ ವೈದ್ಯರು ಮೂರು ಬೆರಳಿಟ್ಟು ನೋಡುವುದು ಇದನ್ನೇ. ಕಿರುಬೆರಳ ಕಡೆಯದು ಇನ್ನೊಂದು. ಎರಡೂ ಅಂಗೈಯೊಳಗೆ ಕಮಾನಿನಂತೆ ಬಾಗಿ ಕೂಡುತ್ತವೆ, ಒಂದೇ ಗದ್ದೆಗೆ ಎರಡು ಕಡೆಯಿಂದ ಕಾಲುವೆ ಬಂದ ಹಾಗೆ. ಒಂದು ಕಟ್ಟಿಕೊಂಡರೆ ಇನ್ನೊಂದು ನೀರುಣಿಸುತ್ತದೆ. ಆದರೆ ಕೆಲವರಲ್ಲಿ ಈ ಕಮಾನು ಪೂರ್ತಿ ಕೂಡಿರುವುದಿಲ್ಲ.

ಹೃದಯದ ರಕ್ತನಾಳಗಳನ್ನು ನೋಡಲು ಹಿಂದೆ ಹೆಚ್ಚಾಗಿ ತೊಡೆಸಂದಿಯಿಂದ ನಳಿಕೆ ತೂರಿಸುತ್ತಿದ್ದರು. 1989ರಲ್ಲಿ ಕೆನಡಾದ ಲೂಸಿಯನ್ ಕಾಂಪೋ ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿದ ವರದಿ ಪ್ರಕಟಿಸಿದರು. 1992ರಲ್ಲಿ ಆಮ್‌ಸ್ಟರ್‌ಡಾಮಿನ ಫರ್ಡಿನಾಂಡ್ ಕೀಮೆನೈ ಅದೇ ದಾರಿಯಿಂದ ಆಂಜಿಯೋಪ್ಲಾಸ್ಟಿಯನ್ನೂ ಮಾಡಿದರು. ಇದರಲ್ಲಿ ರಕ್ತಸ್ರಾವ ಕಡಿಮೆ, ರೋಗಿ ಬೇಗ ಎದ್ದು ಕೂರಬಹುದು. ಆದರೆ ಆಮೇಲೆ ಕೆಲವರಲ್ಲಿ ಆ ಧಮನಿ ಮುಚ್ಚಿಹೋಗುವುದುಂಟು. ಆಗ ಕೈಯನ್ನು ಕಾಯತಕ್ಕದ್ದು ಕಿರುಬೆರಳ ಕಡೆಯ ಕಾಲುವೆ.

ಅದು ಸಮರ್ಥವೇ ಎಂದು ತಿಳಿಯುವ ಪರೀಕ್ಷೆಗೆ ಮೇಯೋ ಕ್ಲಿನಿಕ್ಕಿನ ಎಡ್ಗರ್ ಆಲೆನ್ ಅವರ ಹೆಸರಿದೆ. 1929ರಲ್ಲಿ ಅವರು ಇದನ್ನು ವಿವರಿಸಿದ್ದು ಬೇರೊಂದು ಕಾಯಿಲೆಗಾಗಿ, ಹೆಚ್ಚಾಗಿ ತಂಬಾಕು ಸೇದುವವರ ಕೈಕಾಲಿನ ಧಮನಿಗಳು ಕಟ್ಟಿಕೊಳ್ಳುವ ರೋಗಕ್ಕಾಗಿ. ಈಗಿನ ರೂಪ ಹೀಗೆ: ರೋಗಿ ಮುಷ್ಟಿ ಬಿಗಿಯುತ್ತಾನೆ, ವೈದ್ಯರು ಎರಡು ಧಮನಿಗಳನ್ನೂ ಒತ್ತಿ ಹಿಡಿಯುತ್ತಾರೆ, ಮುಷ್ಟಿ ಬಿಚ್ಚಿದರೆ ಅಂಗೈ ಬಿಳುಪು. ಕಿರುಬೆರಳ ಕಡೆಯ ಒತ್ತನ್ನು ಮಾತ್ರ ಬಿಟ್ಟಾಗ 7–8 ಸೆಕೆಂಡಿನೊಳಗೆ ಕೆಂಪು ಮರಳಿದರೆ ಒಳ್ಳೆಯದು. 15 ದಾಟಿದರೆ ಅನುಮಾನ.

ಭಾಷೆಯ ತೊಡಕು ಇಲ್ಲಿಯೇ. "ಮುಟ್ಠೀ ಬಂದ್ ಕರೋ" ಎಂಬುದು, ಮುಷ್ಟಿಯ ನೆಂಟನಾದ್ದರಿಂದ, ನಮ್ಮ ಅಜ್ಜಿಗೆ ಹೇಗೋ ತಿಳಿದೀತು. "ಢೀಲಾ ಛೋಡೋ" ಎಂದಾಗ ಆಕೆ ಗಾಬರಿಯಿಂದ ಬೆರಳುಗಳನ್ನೆಲ್ಲ ಸೆಟೆದು ಚಾಚುತ್ತಾಳೆ. ಹಾಗೆ ಚಾಚಿದ ಅಂಗೈ ತಾನಾಗಿಯೇ ಬಿಳಿಚಿಕೊಂಡು, ಒಳ್ಳೆಯ ಕೈಯೂ ಕೆಟ್ಟದ್ದಾಗಿ ತೋರುತ್ತದೆ! ಪಕ್ಕದಲ್ಲಿರುವ ಮಗ "ಅಮ್ಮಾ, ಕೈ ಸಡಿಲ ಬಿಡು, ಬೆರಳು ಚಾಚಬೇಡ" ಎಂದರೆ ಸಾಕು. ಇಲ್ಲಿಯ ಡಿಸೆಂಬರ್ ಚಳಿಯಲ್ಲಿ ಕೊರೆಯುವ ಕೈಯೂ ಹೀಗೆಯೇ ಮೋಸ ಮಾಡೀತು. ಮೊದಲು ಬೆಚ್ಚಗೆ ಮಾಡಿಸಿ.

ಆದರೆ ಈ ಪರೀಕ್ಷೆಯೇನೂ ಬ್ರಹ್ಮಲಿಪಿಯಲ್ಲ. 2014ರಲ್ಲಿ ಪ್ರಕಟವಾದ 203 ಜನರ ಅಧ್ಯಯನವೊಂದರಲ್ಲಿ, ಪರೀಕ್ಷೆ ಸರಿಬಾರದವರ ಮಣಿಕಟ್ಟಿನಿಂದ ನಳಿಕೆ ತೂರಿಸಿದರೂ ಕೈಗೆ ರಕ್ತದ ಕೊರತೆ ಕಾಣಲಿಲ್ಲ. ಆದ್ದರಿಂದ ಹಲವು ಹೃದಯವೈದ್ಯರು ಆಂಜಿಯೋಗ್ರಾಮಿಗೆ ಮುನ್ನ ಇದನ್ನು ಮಾಡುವುದೇ ಇಲ್ಲ. ಅದಕ್ಕಾಗಿ ಅವರೊಡನೆ ಜಗಳವಾಡಬೇಡಿ. ಆ ಧಮನಿಯನ್ನೇ ತೆಗೆದು ಬೈಪಾಸಿಗೆ ಜೋಡಿಸುವುದಾದರೆ ಮಾತು ಬೇರೆ. ತೆಗೆದ ಕಾಲುವೆ ಮರಳಿ ಬರುವುದಿಲ್ಲ. ಕೈಯ ರಕ್ತಸಂಚಾರ ನೋಡಿದಿರಾ ಎಂದು ಅಲ್ಲಿ ಧಾರಾಳವಾಗಿ ಕೇಳಿ.

ಮೂತ್ರಪಿಂಡ ಸೋಲುತ್ತಿರುವವರಿದ್ದರೆ ಅದನ್ನು ಮೊದಲೇ ಹೇಳಿರಿ. ಮುಂದೆ ಡಯಾಲಿಸಿಸ್ ಬೇಕಾದಲ್ಲಿ ಇದೇ ಧಮನಿಗೆ ಸಿರೆಯನ್ನು ಕೂಡಿಸಬೇಕಾದೀತು. ಇನ್ನು, ಮಣಿಕಟ್ಟಿಗೆ ಪಟ್ಟಿ ಬಿಗಿದ ಮೇಲೆ ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಬೆಳಗಾಗಲೆಂದು ಕಾಯದೆ ಕೂಡಲೇ ದಾದಿಯನ್ನು ಕರೆಯಿರಿ. ಹಿರಿಯರು ಸಂಕೋಚದಿಂದ ಹೇಳಲಾರರು, ನೀವೇ ಕೇಳಬೇಕು.

ಊಟಕ್ಕೆ ಎಲೆ ಹಾಕುವಷ್ಟರಲ್ಲಿ, ಮುಂದಿನ ಸಾಲಿನ ಹಿರಿಯರೊಬ್ಬರು ಕೈಕೊಟ್ಟರೆ, ಒತ್ತುವ ಬಗೆಯನ್ನು ಇಲ್ಲಿಯೇ ಮಾಡಿ ತೋರಿಸುತ್ತೇನೆ.