ನೆಟ್‌ವರ್ಕ್ ಇಲ್ಲದೂರಿಗೂ ಒದಗಿದ ಗಿಟ್

2020ರ ಲಾಕ್‌ಡೌನ್ ಹೊತ್ತಿಗೆ ಬೆಂಗಳೂರಿನಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಿಗೆ ಮರಳಿದ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಜಗುಲಿಯಲ್ಲೇ ಕೆಲಸಕ್ಕೆ ಕೂತದ್ದು ನಿಮಗೆ ನೆನಪಿರಬೇಕು. ಮಳೆ ಜೋರಾದರೆ ಕರೆಂಟು ಹೋಗುತ್ತದೆ, ಅದರ ಬೆನ್ನಿಗೇ ನೆಟ್‌ವರ್ಕೂ. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದವರಿದ್ದಾರೆ. ಆದರೂ ಕೆಲಸ ಸಾಗಿತು. ಅದಕ್ಕೆ ಒಂದು ಕಾರಣ ಆವೃತ್ತಿ ನಿಯಂತ್ರಣದ ಇತಿಹಾಸದಲ್ಲಿದೆ.

ಒಂದು ಪ್ರೋಗ್ರಾಮಿಗೆ ಹತ್ತಾರು ಜನ ಕೈ ಹಾಕುತ್ತಾರೆ. ಯಾರು, ಯಾವಾಗ, ಏನನ್ನು, ಯಾಕೆ ಬದಲಿಸಿದರು ಎಂದು ಬರೆದಿಟ್ಟುಕೊಂಡು, ಎಡವಟ್ಟಾದರೆ ಹಿಂದಿನ ರೂಪವನ್ನು ಮರಳಿ ಕೊಡುವ ವ್ಯವಸ್ಥೆ ಇದು. 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಚ್‌ಕೈಂಡ್ ಎಸ್‌ಸಿಸಿಎಸ್ ಎಂಬ ಇಂಥ ವ್ಯವಸ್ಥೆ ಕಟ್ಟಿದರು. ಹತ್ತು ವರ್ಷದ ನಂತರ ವಾಲ್ಟರ್ ಟಿಚಿ ಅವರ ಆರ್‌ಸಿಎಸ್ ಬಂತು. ಇವುಗಳಲ್ಲಿ ಒಬ್ಬರು ಕಡತಕ್ಕೆ ಬೀಗ ಹಾಕಿ ತಿದ್ದುತ್ತಿದ್ದರೆ ಉಳಿದವರು ಕಾಯಬೇಕು. ಇರುವ ಒಂದೇ ಯಕ್ಷಗಾನ ಪ್ರಸಂಗ ಪುಸ್ತಕ ಭಾಗವತರ ಬಗಲಲ್ಲಿ ಊರೂರು ತಿರುಗಿದ ಹಾಗೆ. 1986ರಲ್ಲಿ ಡಿಕ್ ಗ್ರೂನ್ ಆರಂಭಿಸಿದ ಸಿವಿಎಸ್, 2000ದಲ್ಲಿ ಶುರುವಾದ ಸಬ್‌ವರ್ಷನ್ ಈ ಕಾಯುವಿಕೆ ತಪ್ಪಿಸಿದವು. ಆದರೆ ಪೂರ್ತಿ ಇತಿಹಾಸ ಒಂದು ಸರ್ವರಿನಲ್ಲೇ ಕೂತಿತ್ತು. ಸಂಪರ್ಕ ಕಡಿದರೆ ಬದಲಾವಣೆ ದಾಖಲಾಗದು. ಘಟ್ಟದ ಊರುಗಳಿಗೆ ಹೇಳಿ ಮಾಡಿಸಿದ್ದಂತೂ ಅಲ್ಲ.

ತಿರುವು ಬಂದದ್ದು ಒಂದು ಜಗಳದಿಂದ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುವ ಬಳಗ 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಪುಕ್ಕಟೆ ಬಳಸುತ್ತಿತ್ತು. 2005ರಲ್ಲಿ ಕಂಪನಿ ಆ ಸವಲತ್ತು ನಿಲ್ಲಿಸಿತು. ಏಪ್ರಿಲ್‌ನಲ್ಲಿ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ತಾವೇ ಗಿಟ್ ಬರೆಯಲು ಕೂತರು. ಜೂನ್ ಹೊತ್ತಿಗೆ ಲಿನಕ್ಸ್‌ನ ಹೊಸ ಆವೃತ್ತಿ ಅದರಿಂದಲೇ ಹೊರಬಂತು. ಗಿಟ್‌ನಲ್ಲಿ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಇಡೀ ಇತಿಹಾಸದ ಪ್ರತಿ ಇರುತ್ತದೆ. ಕಮಿಟ್ ಮಾಡಲು, ಅಂದರೆ ಬದಲಾವಣೆ ದಾಖಲಿಸಲು, ಇಂಟರ್ನೆಟ್ ಬೇಡ. ಸಂಜೆ ಸಿಗ್ನಲ್ ಬಂದಾಗ ಪುಶ್ ಮಾಡಿದರೆ, ಅಂದರೆ ಸರ್ವರಿಗೆ ಕಳಿಸಿದರೆ, ಆಯಿತು.

ಕನ್ನಡಕ್ಕೂ ಗಿಟ್ ಒದಗಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಅಂತರ್ಜಾಲಕ್ಕೆ ಬಂತು. ಅದರ ದತ್ತಾಂಶ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಮುಕ್ತ. ಗಿಟ್ ಬೇರೆ, ಗಿಟ್‌ಹಬ್ ಬೇರೆ. ಎರಡನೆಯದು 2008ರಲ್ಲಿ ಶುರುವಾದ ಜಾಲತಾಣ, 2018ರಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು.

ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳಿಗೆ ಒಂದು ಮಾತು. ಪ್ರಾಜೆಕ್ಟಿಗೆ ‘ಫೈನಲ್’, ‘ಹೊಸ ಫೈನಲ್’ ಎಂದು ಫೋಲ್ಡರ್ ಪೇರಿಸುವುದು ಬಿಟ್ಟು ಗಿಟ್ ಕಲಿಯಿರಿ. ಪಾಸ್‌ವರ್ಡ್ ಇರುವ ಕಡತವನ್ನು ಮಾತ್ರ ಕಮಿಟ್ ಮಾಡಬೇಡಿ; ಮರುದಿನ ಅಳಿಸಿದರೂ ಹಳೆಯ ಆವೃತ್ತಿಯಲ್ಲಿ ಅದು ಉಳಿದೇ ಇರುತ್ತದೆ.