ಬೈಕಿನ ವೇಗ, ನಮ್ಮ ರಸ್ತೆ



ಬೆಳ್ಳಿಹಬ್ಬದ ದಿನ ಇದೇನು ಮಾತು ಅಂತ ಬೇಸರ ಮಾಡ್ಕೋಬೇಡಿ. ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ನಮ್ಮ ಮನೆಗಳಿಗೆ ಬೈಕು ಬಂದಿದೆ, ಸಂತೋಷ. ಆದರೆ ಹುಡುಗರು ಓಡಿಸುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಗಂಟೆಗೆ 40 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. 80ರಲ್ಲಿ 22 ಮೀಟರ್. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಮಾತ್ರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಷ್ಟರಲ್ಲಿ ಹಸು ಅಡ್ಡ ಬಂದಿರುತ್ತದೆ. ನಮ್ಮದು ಕಾಡಂಚಿನ ಊರು, ಕತ್ತಲಾದರೆ ಜಿಂಕೆ, ಆನೆಯೂ ಬರಬಹುದು.

ತಪ್ಪು ಹುಡುಗರದೊಂದೇ ಅಲ್ಲ. ಕಣ ಮಾಡುವ ಕಷ್ಟ ತಪ್ಪಲೆಂದು ಹುರುಳಿ, ರಾಗಿಯನ್ನು ಡಾಂಬರು ರಸ್ತೆಗೆ ಹರಡುವವರು ಯಾರು? ನಾವೇ. (ನಾವೂ ಹರಡಿದ್ದೇವೆ, ಸುಳ್ಳೇಕೆ?) ಆ ಹುರುಳಿ ಬಳ್ಳಿಯ ಮೇಲೆ ಜೋರಾಗಿ ಬಂದವನು ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತೆ, ಗಾಡಿ ಜಾರುತ್ತೆ.

ಹಿಂದೆ ಕೂತವರಿಗೂ ಅಪಾಯವೇ. ರಾಷ್ಟ್ರಪ್ರಶಸ್ತಿ ಪಡೆದ ನಟ, ಕಡೂರು ಕಡೆಯ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಸ್ನೇಹಿತರ ಬೈಕಿನ ಹಿಂದೆ ಕೂತಿದ್ದರು. ಗಾಡಿ ಜಾರಿ ಕಂಬಕ್ಕೆ ಬಡಿಯಿತು, ತಲೆಗೆ ಪೆಟ್ಟಾಯಿತು. ಬದುಕಲಿಲ್ಲ. ಮನೆಯವರು ಅವರ ಅಂಗಾಂಗ ದಾನ ಮಾಡಿದರು.

'ಡೈರಿವರೆಗೆ ತಾನೆ' ಅಂತ ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಡುವ ಅಪ್ಪಂದಿರು ಇಲ್ಲೇ ಕೂತಿದ್ದೀರಿ. 2019ರ ಕಾನೂನು ತಿದ್ದುಪಡಿಯಂತೆ ಅವನು ತಪ್ಪು ಮಾಡಿದರೆ ನಿಮಗೆ 25,000 ರೂ. ದಂಡ, 3 ವರ್ಷದವರೆಗೆ ಜೈಲು. ನಾಳೆ ಬೆಳಿಗ್ಗೆ ಹಾಲು ತರುವವರು ಯಾರೆಂದು ನಾವು ಬಾಗಿಲಲ್ಲೇ ನಿಂತು ನೋಡುತ್ತೇವೆ.