ಬಾಗಿಲ ಮೇಲಿನ ಹೆಸರು

ಬಾಲ್ಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿರುವ ಲಾಟ್ವಿಯಾ ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದ ಚಕ್ರವರ್ತಿಗೆ ಸೇರಿತ್ತು. ಅದು ಹೆಸರಿಗೆ ಮಾತ್ರ. ಜಮೀನು, ಚರ್ಚು, ನ್ಯಾಯಾಲಯ, ರೀಗಾ ಪಟ್ಟಣದ ವ್ಯಾಪಾರ ಎಲ್ಲದರ ಮೇಲೂ ಹಿಡಿತ ಜರ್ಮನ್ ನುಡಿಯುವವರದು. ಮಧ್ಯಯುಗದ ಧರ್ಮಯುದ್ಧಗಳ ಕಾಲದಲ್ಲಿ ಬಂದು ನೆಲೆಯೂರಿದ ಜನ ಇವರು. ಲಾಟ್ವಿಯನ್ನರು ಅವರ ಹೊಲಗಳ ಜೀತದಾಳುಗಳು. 1817ರಿಂದ 1819ರೊಳಗೆ ಕುರ್ಲಾಂಡ್, ಲಿವೋನಿಯಾ ಪ್ರಾಂತ್ಯಗಳಲ್ಲಿ ಜೀತ ರದ್ದಾಯಿತು. ನೆಲ ಮಾತ್ರ ಒಡೆಯನಲ್ಲೇ ಉಳಿಯಿತು. ಬಿಡುಗಡೆಯಾದವನು ಗುತ್ತಿಗೆಯ ಬದಲಿಗೆ ಮತ್ತೆ ಅದೇ ಹೊಲದಲ್ಲಿ ಬೆವರು ಸುರಿಸಿದ.

ಜರ್ಮನ್ನರು ಲಾಟ್ವಿಯನ್ ಭಾಷೆಯನ್ನು ಕಡೆಗಣಿಸಿದರು ಎಂದುಕೊಂಡರೆ ತಪ್ಪಾದೀತು. ಬೈಬಲ್ಲನ್ನು ಆ ಭಾಷೆಗೆ ತಂದವರು ಗ್ಲ್ಯೂಕ್ ಎಂಬ ಜರ್ಮನ್ ಪಾದ್ರಿ. 1822ರಲ್ಲಿ ಲಾಟ್ವಿಯನ್ ವಾರಪತ್ರಿಕೆ ಆರಂಭಿಸಿದವರೂ ಪಾದ್ರಿಗಳೇ. ಅದಕ್ಕೂ ಮೊದಲು, 1796ರಲ್ಲಿ, ಪಾದ್ರಿಯ ಮಗ ಗಾರ್ಲೀಬ್ ಮೆರ್ಕೆಲ್ ಜೀತಪದ್ಧತಿಯನ್ನು ಖಂಡಿಸಿ ಪುಸ್ತಕವನ್ನೇ ಬರೆದಿದ್ದ. ತಕರಾರು ಇದ್ದದ್ದು ಬೇರೆ ಕಡೆ. ರೈತನ ಮಗ ಓದಿ ವೈದ್ಯನೋ ವಕೀಲನೋ ಆದರೆ, ಅಲ್ಲಿಂದ ಮುಂದೆ ಅವನು ಜರ್ಮನ್ ಎಂದೇ ಲೆಕ್ಕ. ಓದಿದ ಲಾಟ್ವಿಯನ್ ಎಂಬುವನೊಬ್ಬ ಇರಬಹುದೆಂದು ಯಾರೂ ಎಣಿಸಿರಲಿಲ್ಲ. ಬೈದು ಹೊರಗಟ್ಟುವುದಕ್ಕಿಂತ ಹೀಗೆ ಒಳಗೆ ಕರೆದುಕೊಳ್ಳುವುದೇ ಹೆಚ್ಚು ಅಪಾಯಕಾರಿ ಎಂದು ನನಗನಿಸುತ್ತದೆ.

1854ರಲ್ಲಿ ತಾರ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ರಿಶ್ಯಾನಿಸ್ ವಾಲ್ಡೆಮಾರ್ಸ್ ತನ್ನ ಕೋಣೆಯ ಬಾಗಿಲಿಗೆ ಒಂದು ಚೀಟಿ ಹಚ್ಚಿದ. ಹೆಸರಿನ ಜೊತೆಗೆ ‘ಲಾಟ್ವಿಯನ್’ ಎಂದೂ ಅದರಲ್ಲಿತ್ತು. ಆ ಕಾಲಕ್ಕೆ ಅದು ಉದ್ಧಟತನವೇ ಸರಿ. ಅವನ ಸುತ್ತ ಸೇರಿದ ಗೆಳೆಯರನ್ನು ‘ಯುವ ಲಾಟ್ವಿಯನ್ನರು’ ಎಂದು ವಿರೋಧಿಗಳು ಗೇಲಿ ಮಾಡಿದರು. ಅವರು ಆ ಹೆಸರನ್ನೇ ಇಟ್ಟುಕೊಂಡರು. 1862ರಲ್ಲಿ ಅವರು ಪತ್ರಿಕೆ ತೆಗೆದದ್ದು ರೀಗಾದಲ್ಲಲ್ಲ, ಜರ್ಮನ್ನರ ಕೈ ಅಷ್ಟಾಗಿ ಚಾಚದ ಪೀಟರ್ಸ್‌ಬರ್ಗ್‌ನಲ್ಲಿ. ಅದೂ 1865ರಲ್ಲಿ ನಿಂತಿತು. ಒಡೆಯರ ವಿರುದ್ಧ ಚಕ್ರವರ್ತಿಯ ಆಸರೆ ಹುಡುಕಿದ್ದು ಜಾಣತನವಾಗಿತ್ತು. ಆದರೆ 1880ರ ದಶಕದಲ್ಲಿ ಅದೇ ಸರ್ಕಾರ ಶಾಲೆಗಳಲ್ಲಿ ರಷ್ಯನ್ ಹೇರಿತು.

ವಾಲ್ಡೆಮಾರ್ಸ್ ಬರಿಯ ಮಾತಿನವನಲ್ಲ. 1864ರಲ್ಲಿ ಐನಾಜಿಯಲ್ಲಿ ರೈತರ ಮಕ್ಕಳಿಗೆ ನಾವಿಕ ಶಾಲೆ ತೆರೆಸಿದ. ಗೆಳೆಯ ಕ್ರಿಶ್ಯಾನಿಸ್ ಬರೋನ್ಸ್ ‘ದೈನಾ’ ಎಂಬ ಪುಟ್ಟ ಜನಪದ ಹಾಡುಗಳನ್ನು ವಿಂಗಡಿಸಲು ಕುಳಿತ. 1894ರಿಂದ 1915ರವರೆಗೆ ಅಚ್ಚಾದ ಆ ಸಂಗ್ರಹದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹಾಡುಗಳಿವೆ. 1873ರಲ್ಲಿ ರೀಗಾದಲ್ಲಿ ಮೊದಲ ಲಾಟ್ವಿಯನ್ ಹಾಡುಹಬ್ಬ ನಡೆಯಿತು. ಹಬ್ಬದ ಮಾದರಿ ಜರ್ಮನ್ನರದು, ಕೊರಳು ಇವರದು.

ನೆಲದ ಪ್ರಶ್ನೆ ಮಾತ್ರ ಹಾಡಿನಿಂದ ಬಗೆಹರಿಯಲಿಲ್ಲ. 1905ರ ಕ್ರಾಂತಿಯಲ್ಲಿ ಒಡೆಯರ ನೂರಾರು ಬಂಗಲೆಗಳು ಉರಿದವು. ಸೈನ್ಯ ಬಂದು ಸೇಡು ತೀರಿಸಿಕೊಂಡಿತು. 1918ರ ನವೆಂಬರ್ 18ರಂದು ಸ್ವಾತಂತ್ರ್ಯ ಘೋಷಣೆಯಾಯಿತು. 1920ರ ಭೂಸುಧಾರಣೆ ದೊಡ್ಡ ಜಮೀನುಗಳನ್ನು ಒಡೆದು ರೈತರಿಗೆ ಹಂಚಿತು. ಹಳೆಯ ಒಡೆಯರಿಗೂ ಸುಮಾರು 50 ಹೆಕ್ಟೇರ್ ಬಿಟ್ಟಿತು.